ಹತ್ತಿ ನಾರಿನ ಮೇಲೆ ಸರ್ಫ್ಯಾಕ್ಟಂಟ್ ಎಷ್ಟು ಕೂರುತ್ತದೆ? ಕೊಡಗಿನ ಪ್ರಯೋಗಾಲಯಗಳಿಗೊಂದು ಸಮಗ್ರ ಮಾರ್ಗದರ್ಶಿ

ಬಟ್ಟೆಯ ನಾರಿನ ಮೇಲೆ ಸರ್ಫ್ಯಾಕ್ಟಂಟ್ (ನೀರಿಗೆ ಒಲಿಯುವ ತಲೆ, ಎಣ್ಣೆಗೆ ಒಲಿಯುವ ಬಾಲ ಇರುವ ಸೋಪಿನಂಥ ವಸ್ತು) ಕೂರುವ ಪ್ರಮಾಣವನ್ನು ಅಳೆಯಲು ಹೊರಟ ಪದವಿ ವಿದ್ಯಾರ್ಥಿಗಳು, ಮಡಿಕೇರಿಯವರಾಗಲಿ ಪೊನ್ನಂಪೇಟೆಯವರಾಗಲಿ, ಹೆಚ್ಚುಕಡಿಮೆ ಒಂದೇ ದೂರನ್ನು ಹೊತ್ತು ಬರುತ್ತಾರೆ. ಒಂದೇ ಪ್ರಯೋಗವನ್ನು ಮೂರು ಸಲ ಮಾಡಿದರೆ ಮೂರು ಉತ್ತರ ಬರುತ್ತದೆ. ಕೆಲವೊಮ್ಮೆ ನಾರನ್ನೇ ಹಾಕದ ಬಾಟಲಿಯಲ್ಲಿಯೂ ಸರ್ಫ್ಯಾಕ್ಟಂಟ್ ಕಡಿಮೆಯಾಗಿರುತ್ತದೆ. ಇನ್ನು ಕೆಲವೊಮ್ಮೆ ಲೆಕ್ಕದ ಕೊನೆಗೆ ಋಣ ಸಂಖ್ಯೆ ಬಂದು ನಿಲ್ಲುತ್ತದೆ. ಪುಸ್ತಕದ ವಿಧಾನದಲ್ಲಿ ತಪ್ಪಿಲ್ಲ. ಆದರೆ ಆ ವಿಧಾನವನ್ನು ಬರೆದವರು ಕೋಣೆಯಲ್ಲಿ 25 ಡಿಗ್ರಿ ಸೆಲ್ಸಿಯಸ್ ತಾಪಮಾನ, ಶೇಕಡಾ 65ರ ಆರ್ದ್ರತೆ ಇದ್ದೇ ಇರುತ್ತದೆ ಎಂದು ಭಾವಿಸಿರುತ್ತಾರೆ. ನಮ್ಮಲ್ಲಿ ವರ್ಷದ ಎಷ್ಟೋ ತಿಂಗಳು ಇವೆರಡೂ ಸಿಗುವುದಿಲ್ಲ.

ನೀರಿನಲ್ಲಿ ಕರಗಿದ ಅಣುಗಳು ನಾರಿನ ಮೇಲ್ಮೈಗೆ ಬಂದು ಅಲ್ಲೇ ನೆಲೆನಿಲ್ಲುವುದನ್ನು ಅಧಿಶೋಷಣೆ ಎನ್ನುತ್ತೇವೆ. ಹಾಗೆ ಕೂತದ್ದನ್ನು ನಾವು ನೇರವಾಗಿ ಅಳೆಯುವುದಿಲ್ಲ. ನಾರು ಹಾಕುವ ಮುಂಚೆ ದ್ರಾವಣದಲ್ಲಿ ಇದ್ದದ್ದೆಷ್ಟು, ಆಮೇಲೆ ಉಳಿದದ್ದೆಷ್ಟು ಎಂದು ನೋಡಿ, ಕಳೆದುಬಂದ ವ್ಯತ್ಯಾಸವೆಲ್ಲ ನಾರಿನ ಪಾಲಾಗಿದೆ ಎಂದು ಲೆಕ್ಕ ಹಾಕುತ್ತೇವೆ. ಗಾಜಿನ ಗೋಡೆಗೆ ಅಂಟಿದ್ದು, ಸೋಸುವ ಕಾಗದ ಹಿಡಿದುಕೊಂಡದ್ದು, ನೊರೆಯೊಳಗೆ ಉಳಿದದ್ದು, ಚಳಿಗೆ ಹರಳಾಗಿ ತಳ ಸೇರಿದ್ದು, ಎಲ್ಲವೂ ಅದೇ ವ್ಯತ್ಯಾಸದೊಳಗೆ ಸೇರಿಕೊಳ್ಳುತ್ತವೆ. ಆದ್ದರಿಂದ ನಾರನ್ನು ಮುಟ್ಟುವ ಮೊದಲು ಉಳಿದ ಎಲ್ಲ ಸೋರಿಕೆಗಳನ್ನು ಗುರುತಿಸಿ ಅಳೆದಿಡಬೇಕು. ಕೆಳಗಿನ ಹಂತಗಳ ಕ್ರಮ ಈ ಕಾರಣಕ್ಕಾಗಿಯೇ ಹೀಗಿದೆ. ದಯವಿಟ್ಟು ಅದನ್ನು ಹಿಂದುಮುಂದು ಮಾಡಬೇಡಿ.

## 1. ನಾರು ಮತ್ತು ಸರ್ಫ್ಯಾಕ್ಟಂಟ್ ಜೋಡಿಯನ್ನು ನಿರ್ಧರಿಸುವುದು

ಹತ್ತಿ ಎಂದರೆ ಬಹುಪಾಲು ಸೆಲ್ಯುಲೋಸ್. ನೀರಿನಲ್ಲಿ ಅದರ ಮೇಲ್ಮೈ, ಅಲ್ಲಲ್ಲಿರುವ ಕಾರ್ಬಾಕ್ಸಿಲ್ ಗುಂಪುಗಳ ದೆಸೆಯಿಂದ, ಋಣ ವಿದ್ಯುದಂಶ ಹೊತ್ತಿರುತ್ತದೆ. ಧನ ತಲೆಯಿರುವ ಕ್ಯಾಟಯಾನಿಕ್ ಸರ್ಫ್ಯಾಕ್ಟಂಟ್ ಅದರ ಮೇಲೆ ಗಟ್ಟಿಯಾಗಿ ಕೂರುತ್ತದೆ. ಋಣ ತಲೆಯಿರುವ ಸೋಡಿಯಂ ಡೋಡೆಸಿಲ್ ಸಲ್ಫೇಟ್, ಅಂದರೆ ಎಸ್‌ಡಿಎಸ್, ಹತ್ತಿಯ ಮೇಲೆ ಎಷ್ಟು ಕಡಿಮೆ ಕೂರುತ್ತದೆಂದರೆ ಸಾಮಾನ್ಯ ಉಪಕರಣಗಳಲ್ಲಿ ಆ ವ್ಯತ್ಯಾಸ ಅಳತೆಯ ದೋಷದೊಳಗೇ ಮುಳುಗಿಹೋಗುತ್ತದೆ. ಆದರೂ ಸುಲಭವಾಗಿ ಸಿಗುತ್ತದೆಂಬ ಕಾರಣಕ್ಕೆ ಹೆಚ್ಚಿನವರು ಎಸ್‌ಡಿಎಸ್ ಮತ್ತು ಹತ್ತಿಯಿಂದಲೇ ಆರಂಭಿಸುತ್ತಾರೆ. ಮೊದಲ ಸೋಲು ಇಲ್ಲಿಯೇ ಆಗುತ್ತದೆ.

ಕ್ಯಾಟಯಾನಿಕ್‌ಗಳಲ್ಲಿ ಕಾಲೇಜುಗಳ ಕಪಾಟಿನಲ್ಲಿ ಸಾಮಾನ್ಯವಾಗಿ ಇರುವುದು ಸೀಟೈಲ್ ಟ್ರೈಮೀಥೈಲ್ ಅಮೋನಿಯಂ ಬ್ರೋಮೈಡ್, ಎಲ್ಲರೂ ಸಿಟಾಬ್ ಎಂದು ಕರೆಯುವ ಪುಡಿ. ನಮ್ಮ ಜಿಲ್ಲೆಗೆ ಅದನ್ನು ನಾನು ಸೂಚಿಸುವುದಿಲ್ಲ. ಕಾರಣ ಎರಡನೆಯ ಹಂತದಲ್ಲಿದೆ. ಅದರ ಬದಲು ಸೀಟೈಲ್ ಪಿರಿಡಿನಿಯಂ ಕ್ಲೋರೈಡ್, ಅಂದರೆ ಸಿಪಿಸಿ, ತರಿಸಿಕೊಳ್ಳಿ. ಬಾಯಿ ಮುಕ್ಕಳಿಸುವ ಔಷಧಗಳಲ್ಲಿ ಬಳಕೆಯಾಗುವ ಈ ವಸ್ತು ಅಷ್ಟು ಸುಲಭವಾಗಿ ಚಳಿಗೆ ಹರಳಾಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಅದರ ಪಿರಿಡಿನಿಯಂ ಉಂಗುರ 259 ನ್ಯಾನೋಮೀಟರ್‌ನ ಅತಿನೇರಳೆ ಬೆಳಕನ್ನು ಹೀರುತ್ತದೆ. ಹಾಗಾಗಿ ಕ್ಲೋರೋಫಾರ್ಮ್ ಬಳಸಿ ಟೈಟ್ರೇಷನ್ ಮಾಡದೆಯೇ, ದ್ರಾವಣ ಎಷ್ಟು ಬೆಳಕು ಹೀರುತ್ತದೆಂದು ತೋರಿಸುವ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ ನೇರವಾಗಿ ಅಳೆಯಬಹುದು. ಮುಂದಿನ ಹಂತಗಳನ್ನೆಲ್ಲ ಹತ್ತಿ ಮತ್ತು ಸಿಪಿಸಿ ಜೋಡಿಯನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಉಣ್ಣೆ ಮತ್ತು ಪಾಲಿಯೆಸ್ಟರ್‌ಗೆ ಏನು ಬದಲಿಸಬೇಕೆಂಬುದು ಕೊನೆಯ ಭಾಗದಲ್ಲಿದೆ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ನಾಲ್ಕು ದಶಮಾಂಶ ಸ್ಥಾನ ತೋರಿಸುವ ತಕ್ಕಡಿ, 105 ಡಿಗ್ರಿಗೆ ನಿಲ್ಲುವ ಓವನ್, ಡೆಸಿಕೇಟರ್, ತಾಪಮಾನ ಕಾಯ್ದುಕೊಳ್ಳುವ ನೀರಿನ ತೊಟ್ಟಿಯಿರುವ ಶೇಕರ್, ಗಾಜಿನ ಬಿರಡೆಯ 100 ಮಿಲಿಲೀಟರ್ ಬಾಟಲಿಗಳು ಸುಮಾರು ಇಪ್ಪತ್ತೈದು, ಪಿಪೆಟ್‌ಗಳು, ವಾಲ್ಯುಮೆಟ್ರಿಕ್ ಫ್ಲಾಸ್ಕ್‌ಗಳು, ಸೆಂಟ್ರಿಫ್ಯೂಜ್, ಯುವಿ ಸ್ಪೆಕ್ಟ್ರೋಫೋಟೋಮೀಟರ್ ಮತ್ತು ಅದರೊಳಗೆ ಮಾದರಿ ಹಾಕಿಡುವ ಒಂದು ಜೊತೆ ಕ್ವಾರ್ಟ್ಜ್ ಕ್ಯುವೆಟ್. ಇಲ್ಲಿ ಕ್ವಾರ್ಟ್ಜ್ ಎಂಬುದನ್ನು ಕಡೆಗಣಿಸಬೇಡಿ. ಸಾಮಾನ್ಯ ಗಾಜಿನ ಅಥವಾ ಪ್ಲಾಸ್ಟಿಕ್ ಕ್ಯುವೆಟ್ 259 ನ್ಯಾನೋಮೀಟರ್ ಬೆಳಕನ್ನು ತಾನೇ ತಡೆದುಬಿಡುತ್ತದೆ. ಆಗ ಪ್ರತಿ ದ್ರಾವಣಕ್ಕೂ ಹೆಚ್ಚುಕಡಿಮೆ ಒಂದೇ ಅಂಕಿ ಬರುತ್ತದೆ.

## 2. ನೀರು ಮತ್ತು ತಾಪಮಾನವನ್ನು ಹದಕ್ಕೆ ತರುವುದು

ತಲೆಯಲ್ಲಿ ವಿದ್ಯುದಂಶವಿರುವ ಅಯಾನಿಕ್ ಸರ್ಫ್ಯಾಕ್ಟಂಟ್‌ಗಳಿಗೆ ಕ್ರಾಫ್ಟ್ ತಾಪಮಾನ ಎಂಬ ಒಂದು ಗಡಿಯಿದೆ. ಅದಕ್ಕಿಂತ ಕೆಳಗೆ ಸರ್ಫ್ಯಾಕ್ಟಂಟ್ ಸಾಕಷ್ಟು ಕರಗುವುದಿಲ್ಲ, ಮೈಸೆಲ್ (ಅಣುಗಳು ಬಾಲ ಒಳಗೆ ಮಾಡಿ ಕಟ್ಟುವ ಪುಟ್ಟ ಗುಂಪು) ಕಟ್ಟುವುದಿಲ್ಲ, ಹರಳಾಗಿ ಬೇರೆಯಾಗುತ್ತದೆ. ಸಿಟಾಬ್‌ಗೆ ಈ ಗಡಿ ಸುಮಾರು 25 ಡಿಗ್ರಿ. ಎಸ್‌ಡಿಎಸ್‌ಗೆ ಸುಮಾರು 16 ಡಿಗ್ರಿ. ಬಯಲುಸೀಮೆಯ ಪ್ರಯೋಗಾಲಯದಲ್ಲಿ ಇದು ಯಾರ ಗಮನಕ್ಕೂ ಬರದ ಸಂಗತಿ. ಸಮುದ್ರಮಟ್ಟದಿಂದ 1,100 ಮೀಟರ್‌ಗೂ ಎತ್ತರದಲ್ಲಿರುವ ಮಡಿಕೇರಿಯಲ್ಲಿ ಮಳೆಗಾಲದ ಮಧ್ಯಾಹ್ನವೂ ಕೋಣೆ 25 ಡಿಗ್ರಿ ಮುಟ್ಟುವುದು ಅಪರೂಪ, ಜನವರಿಯ ಬೆಳಿಗ್ಗೆಯಂತೂ ಎಸ್‌ಡಿಎಸ್ ಕೂಡ ಹರಳಾಗುತ್ತದೆ. ನಿನ್ನೆ ತಿಳಿಯಾಗಿದ್ದ ಸಿಟಾಬ್ ದ್ರಾವಣ ಇಂದು ಬಾಟಲಿ ಅಲುಗಿಸಿದಾಗ ರೇಷ್ಮೆಯ ಮಡಿಕೆಯಂತೆ ಹೊಳೆಯುತ್ತಾ ಸುಳಿದರೆ, ಅದರೊಳಗೆ ಸೂಜಿಯಂಥ ಹರಳುಗಳು ತೇಲುತ್ತಿವೆ ಎಂದೇ ಅರ್ಥ. ಆ ಬಾಟಲಿಯ ಮೇಲಿನಿಂದ ತೆಗೆದ ಮಾದರಿಯಲ್ಲಿ ಸರ್ಫ್ಯಾಕ್ಟಂಟ್ ಕಡಿಮೆ ಸಿಗುತ್ತದೆ. ಅದನ್ನು ನಾರು ಹೀರಿತೆಂದು ಬರೆದುಕೊಂಡವರನ್ನು ನಾನು ಒಬ್ಬಿಬ್ಬರಲ್ಲ, ಹಲವರನ್ನು ಕಂಡಿದ್ದೇನೆ.

ಆದ್ದರಿಂದ ತೊಟ್ಟಿಯನ್ನು 30 ಡಿಗ್ರಿಗೆ ನಿಲ್ಲಿಸಿ, ಇಡೀ ಪ್ರಯೋಗವನ್ನು ಆ ತಾಪಮಾನದಲ್ಲಿಯೇ ಮಾಡಿ. ದ್ರಾವಣಗಳನ್ನು ಫ್ರಿಜ್‌ನಲ್ಲಿ ಇಡಬೇಡಿ. ಪಿಪೆಟ್ ಕೂಡ ತಣ್ಣಗಿರಬಾರದು. ತೊಟ್ಟಿಯ ಪಕ್ಕದಲ್ಲೇ ಬೆಚ್ಚಗೆ ಇಟ್ಟುಕೊಂಡರೆ ಸಾಕು. ಮಳೆಗಾಲದಲ್ಲಿ ಕರೆಂಟು ಹೋಗುವುದು ಇಲ್ಲಿ ನಿತ್ಯದ ಮಾತಾದ್ದರಿಂದ, ತೊಟ್ಟಿಯ ಸುತ್ತ ಥರ್ಮಾಕೋಲ್ ಹಲಗೆ ಕಟ್ಟಿ ಮೇಲೊಂದು ಮುಚ್ಚಳ ಇಟ್ಟರೆ ಶಾಖ ಸ್ವಲ್ಪ ಹೊತ್ತು ಉಳಿಯುತ್ತದೆ. ಶೇಕರ್ ಎಷ್ಟು ಹೊತ್ತು ನಿಂತಿತ್ತು ಎಂಬುದನ್ನು ದಾಖಲೆ ಪುಸ್ತಕದಲ್ಲಿ ಬರೆದಿಡಿ.

ನೀರಿನ ವಿಷಯದಲ್ಲಿ ಒಂದು ಪ್ರಲೋಭನೆಯಿದೆ. ನಮ್ಮ ಬಾವಿ ಮತ್ತು ಒರತೆಯ ನೀರು ಸೋಪು ಚೆನ್ನಾಗಿ ನೊರೆಗಟ್ಟುವಷ್ಟು ಮೃದುವಾಗಿರುವುದರಿಂದ ಅದನ್ನೇ ಬಳಸಬಹುದಲ್ಲ ಎಂದು ಅನ್ನಿಸುತ್ತದೆ. ಹಾಗೆ ಮಾಡಬೇಡಿ. ತೋಟದ ಎಲೆಗೊಬ್ಬರದ ಮೂಲಕ ಇಳಿದು ಬಂದ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಕಂದು ಸಾರ ಇರುತ್ತದೆ, ಅದು 259 ನ್ಯಾನೋಮೀಟರ್‌ನಲ್ಲಿ ಬೆಳಕನ್ನು ಹೀರುತ್ತದೆ; ಜೊತೆಗೆ ಸಿಪಿಸಿಯನ್ನು ತನ್ನೊಡನೆ ಕಟ್ಟಿಕೊಳ್ಳುತ್ತದೆ. ಹೊಸದಾಗಿ ಬಟ್ಟಿ ಇಳಿಸಿದ ನೀರನ್ನೇ ಬಳಸಿ, ಲೀಟರ್‌ಗೆ 0.058 ಗ್ರಾಂ ಸೋಡಿಯಂ ಕ್ಲೋರೈಡ್ ಕರಗಿಸಿ. ಹೀಗೆ ದೊರೆಯುವ 1 ಮಿಲಿಮೋಲ್ (ಲೀಟರ್‌ಗೆ; ಮುಂದೆ ದ್ರಾವಣದ ಸಾರತೆ ಹೇಳುವಲ್ಲೆಲ್ಲ ಹೀಗೆಯೇ) ಉಪ್ಪುನೀರು ಎಲ್ಲ ಬಾಟಲಿಗಳಿಗೂ ಒಂದೇ ಹಿನ್ನೆಲೆಯಾಗುತ್ತದೆ. ಉಪ್ಪಿನ ಪ್ರಮಾಣ ಬಾಟಲಿಯಿಂದ ಬಾಟಲಿಗೆ ಬದಲಾದರೆ ಅಧಿಶೋಷಣೆಯೂ ಬದಲಾಗುತ್ತದೆ.

## 3. ಬಟ್ಟೆಯನ್ನು ನಿಜವಾಗಿ ಶುಚಿಗೊಳಿಸುವುದು

ಅಂಗಡಿಯಿಂದ ತಂದ ಬಿಳಿ ಬಟ್ಟೆ ಶುಚಿಯಾದ ಹತ್ತಿಯಲ್ಲ. ಅದರ ಮೇಲೆ ಗಂಜಿ, ಮೇಣ, ಮೃದುಕಾರಿ, ಬಿಳುಪು ಹೆಚ್ಚಿಸುವ ಹೊಳಪುಕಾರಿ ಇವುಗಳಲ್ಲಿ ಒಂದೋ ಎರಡೋ ಇದ್ದೇ ಇರುತ್ತವೆ. ಮೂರು ಚಿಕ್ಕ ಪರೀಕ್ಷೆಗಳನ್ನು ಮೊದಲೇ ಮಾಡಿ. ಒಂದು ಹನಿ ತಿಳಿ ಅಯೋಡಿನ್ ಬಿಟ್ಟಾಗ ಕಡುನೀಲಿಯಾದರೆ ಗಂಜಿಯಿದೆ. ಕತ್ತಲಲ್ಲಿ, ಅಂಗಡಿಯವರು ನೋಟು ಪರೀಕ್ಷಿಸಲು ಇಟ್ಟುಕೊಳ್ಳುವ ಯುವಿ ದೀಪ ಹಿಡಿದಾಗ ಬಟ್ಟೆ ನೀಲಿಯಾಗಿ ಹೊಳೆದರೆ ಹೊಳಪುಕಾರಿಯಿದೆ. ಆ ಬಟ್ಟೆಯನ್ನು ಕೈಬಿಡುವುದೇ ಲೇಸು. ಬ್ರೋಮೋಫಿನಾಲ್ ಬ್ಲೂ ತಿಳಿ ದ್ರಾವಣದಲ್ಲಿ ಅದ್ದಿ, ಚೆನ್ನಾಗಿ ಜಾಲಿಸಿದ ಮೇಲೂ ನೀಲಿ ಬಿಡದಿದ್ದರೆ ಕ್ಯಾಟಯಾನಿಕ್ ಮೃದುಕಾರಿ ಆಗಲೇ ನಾರಿನ ಮೇಲೆ ಕೂತಿದೆ.

ಈ ಕೊನೆಯ ಪರೀಕ್ಷೆಯ ಮಹತ್ವ ನನಗೆ ಮನದಟ್ಟಾದದ್ದು, ಒಬ್ಬ ವಿದ್ಯಾರ್ಥಿನಿ ತಮ್ಮ ಮನೆಯ ಹೋಂಸ್ಟೇಯಲ್ಲಿ ಬಳಸುವ ಟವೆಲನ್ನು ಕತ್ತರಿಸಿ ಮಾದರಿಯಾಗಿ ತಂದಾಗ. ಎಷ್ಟು ಒಗೆದರೂ ಅದು ನೀರು ಹೀರುತ್ತಿರಲಿಲ್ಲ. ಹನಿ ಬಿಟ್ಟರೆ ಕೆಸುವಿನೆಲೆಯ ಮೇಲೆ ನಿಂತಂತೆ ಉರುಳುತ್ತಿತ್ತು. ಬ್ರೋಮೋಫಿನಾಲ್ ಬ್ಲೂನಲ್ಲಿ ಇಡೀ ತುಂಡು ನೀಲಿಯಾಗಿ ನಿಂತಿತು. ಪ್ರತಿ ಒಗೆತದ ಕೊನೆಯಲ್ಲಿ ಹಾಕುವ ಮೃದುಕಾರಿಯ ಧನ ತಲೆಗಳು ಹತ್ತಿಯನ್ನು ಹಿಡಿದುಕೊಂಡು, ಎಣ್ಣೆಯ ಗುಣದ ಬಾಲಗಳನ್ನು ಹೊರಗೆ ಚಾಚಿದ್ದವು. ನಾವು ಅಳೆಯಲು ಹೊರಟ ಸಂಗತಿಯನ್ನೇ ಆ ಟವೆಲು ಆಗಲೇ ಮಾಡಿ ಮುಗಿಸಿತ್ತು, ಆದ್ದರಿಂದ ಅದು ಮಾದರಿಯಾಗಲು ಯೋಗ್ಯವಾಗಿರಲಿಲ್ಲ.

ಬಿಳುಪು ಮಾಡದ ಕೋರಾ ಬಟ್ಟೆ ಸಿಕ್ಕರೆ ಒಳ್ಳೆಯದು. ಲೀಟರ್‌ಗೆ 10 ಗ್ರಾಂ ಸೋಡಿಯಂ ಹೈಡ್ರಾಕ್ಸೈಡ್ ಇರುವ ನೀರಿನಲ್ಲಿ ಅದನ್ನು ಒಂದೂವರೆ ಗಂಟೆ ಕುದಿಸಿ. ಸಾಮಾನ್ಯವಾಗಿ ಒಂದು ಗಂಟೆ ಎಂದು ಬರೆದಿರುತ್ತದೆ. ಮಡಿಕೇರಿಯ ಎತ್ತರದಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುವುದರಿಂದ ಸ್ವಲ್ಪ ಹೆಚ್ಚು ಸಮಯ ಕೊಡುತ್ತೇನೆ. ಬಟ್ಟೆ ಸದಾ ನೀರಿನೊಳಗೆ ಮುಳುಗಿರಬೇಕು. ಕ್ಷಾರದಲ್ಲಿ ನೆಂದ ಬಿಸಿ ಹತ್ತಿ ಗಾಳಿಗೆ ತೆರೆದುಕೊಂಡರೆ ಸೆಲ್ಯುಲೋಸ್ ಆಕ್ಸಿಡೀಕರಣಗೊಂಡು ಕಾರ್ಬಾಕ್ಸಿಲ್ ಗುಂಪುಗಳು ಹೆಚ್ಚುತ್ತವೆ, ಆ ಜಾಗದಲ್ಲಿ ಸಿಪಿಸಿ ಬೇರೆಡೆಗಿಂತ ಹೆಚ್ಚು ಕೂರುತ್ತದೆ. ಆಮೇಲೆ ಜಾಲಿಸಿ, ತಿಳಿ ಅಸಿಟಿಕ್ ಆಮ್ಲದಲ್ಲಿ ಒಮ್ಮೆ ಅದ್ದಿ, ಬಟ್ಟಿ ಇಳಿಸಿದ ನೀರನ್ನು ಬದಲಿಸುತ್ತಾ ಕುದಿಸಿ. ಜಾಲಿಸಿದ ಕೊನೆಯ ನೀರನ್ನು 259 ನ್ಯಾನೋಮೀಟರ್‌ನಲ್ಲಿ ನೋಡಿದಾಗ ಬೆಳಕಿನ ಹೀರಿಕೆಯ ಅಂಕಿ (ಅಬ್ಸಾರ್ಬೆನ್ಸ್) 0.02ಕ್ಕಿಂತ ಕಡಿಮೆಯಾಗುವವರೆಗೆ ನಿಲ್ಲಿಸಬೇಡಿ. ಒಣಗಿದ ಬಟ್ಟೆಯ ಮೇಲೆ ಬಿಟ್ಟ ನೀರಿನ ಹನಿ ತಕ್ಷಣ ಇಂಗಬೇಕು. ಶುಚಿಗೊಳಿಸಲು ಡಿಟರ್ಜೆಂಟ್ ಬಳಸುವ ಆಲೋಚನೆಯನ್ನೇ ಬಿಟ್ಟುಬಿಡಿ.

## 4. ಕಕ್ಕಡದ ಮಳೆಯಲ್ಲಿ ತೂಕ ಮಾಡುವುದು

ಕೊಡವರ ಕಕ್ಕಡ ಮಾಸ ಬರುವ ಜುಲೈ ತಿಂಗಳ ಒಂದು ಬೆಳಿಗ್ಗೆ, ಓವನ್‌ನಿಂದ ತೆಗೆದ ಹತ್ತಿಯ ತುಂಡನ್ನು ತಕ್ಕಡಿಯ ಮೇಲಿಟ್ಟು ಸುಮ್ಮನೆ ನೋಡಿ. 1.9994 ಎಂದು ತೋರಿಸಿದ ಅಂಕಿ ನೀವು ಪೆನ್ನು ತೆಗೆಯುವಷ್ಟರಲ್ಲಿ 2.0008 ಆಗಿರುತ್ತದೆ, ಬರೆಯುವಷ್ಟರಲ್ಲಿ 2.0031 ದಾಟಿರುತ್ತದೆ. ಕಿಟಕಿಯಿಂದ ಮಂಜು ಒಳಗೆ ಬರುತ್ತಿದ್ದರೆ ಅಂಕಿ ಕಣ್ಣೆದುರೇ ಓಡುತ್ತದೆ. ಶೇಕಡಾ 65ರ ಆರ್ದ್ರತೆಯಲ್ಲಿ ಹತ್ತಿ ತನ್ನ ಒಣ ತೂಕದ ಶೇಕಡಾ 8ರ ಆಸುಪಾಸು ತೇವ ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ಮಳೆಗಾಲದ ಗಾಳಿಯಲ್ಲಿ ಅದು ಇನ್ನೂ ಬಹಳ ಹೆಚ್ಚುತ್ತದೆ. ಗಾಳಿಯಲ್ಲಿ ಇಟ್ಟ ಬಟ್ಟೆಯನ್ನು ತೂಗಿ ಅದನ್ನೇ ನಾರಿನ ತೂಕವೆಂದು ಬರೆದರೆ, ನೀವು ನಾರಿನ ಜೊತೆಗೆ ಮಳೆಯನ್ನೂ ತೂಗಿದ್ದೀರಿ.

ಹಾಗೆಂದು ಪ್ರಯೋಗಕ್ಕೆ ಹಾಕುವ ತುಂಡನ್ನೇ 105 ಡಿಗ್ರಿಯಲ್ಲಿ ಒಣಗಿಸುವುದೂ ಸರಿಯಲ್ಲ. ಒಮ್ಮೆ ಹಾಗೆ ಪೂರ್ತಿ ಒಣಗಿದ ಸೆಲ್ಯುಲೋಸಿನ ಸೂಕ್ಷ್ಮ ರಂಧ್ರಗಳು ಮುಚ್ಚಿಕೊಂಡು, ಮತ್ತೆ ನೆನೆಸಿದಾಗ ಮೊದಲಿನಷ್ಟು ತೆರೆದುಕೊಳ್ಳುವುದಿಲ್ಲ. ಸುರಕ್ಷಿತ ದಾರಿ ಅವಳಿ ತುಂಡಿನದು. ಒಂದೇ ಬಟ್ಟೆಯಿಂದ ಕತ್ತರಿಸಿದ ಎಲ್ಲ ತುಂಡುಗಳನ್ನೂ ತಕ್ಕಡಿಯ ಕೋಣೆಯಲ್ಲಿ ಒಂದು ರಾತ್ರಿ ಹರಡಿಡಿ. ಮರುದಿನ ಒಂದೇ ಅವಧಿಯಲ್ಲಿ ಎಲ್ಲವನ್ನೂ ತೂಗಿ, ಅವುಗಳ ನಡುವೆ ಮೂರು ಅವಳಿ ತುಂಡುಗಳನ್ನೂ ತೂಗಿ, ಆ ಮೂರನ್ನು ಮಾತ್ರ ಮುಚ್ಚಳವಿರುವ ತೂಕದ ಬಾಟಲಿಯಲ್ಲಿಟ್ಟು ತೂಕ ಬದಲಾಗುವುದು ನಿಲ್ಲುವವರೆಗೆ ಓವನ್‌ನಲ್ಲಿ ಒಣಗಿಸಿ. ಹೊರತೆಗೆದ ಕೂಡಲೇ ಮುಚ್ಚಿ, ಗಾಳಿಯ ತೇವ ತಾಗದ ಡೆಸಿಕೇಟರ್‌ನಲ್ಲಿ ತಣಿಸಿ, ಮುಚ್ಚಳ ಸಮೇತ ತೂಗಿ.

ಅವಳಿ ತುಂಡಿನ 1.000 ಗ್ರಾಂ ಒಣಗಿ 0.880 ಗ್ರಾಂ ಆಯಿತೆಂದುಕೊಳ್ಳೋಣ. ಹಾಗಿದ್ದರೆ 2.000 ಗ್ರಾಂ ಒಣ ನಾರಿಗಾಗಿ 2.273 ಗ್ರಾಂ ತುಂಡು ಬೇಕು, ಅದರ ಜೊತೆ 0.27 ಮಿಲಿಲೀಟರ್ ನೀರೂ ಬಾಟಲಿಗೆ ಹೋಗುತ್ತದೆ. ಎರಡನ್ನೂ ಬರೆದಿಟ್ಟುಕೊಳ್ಳಿ. ಡೆಸಿಕೇಟರ್‌ನ ಸಿಲಿಕಾ ಜೆಲ್ ಬಣ್ಣವನ್ನು ದಿನವೂ ನೋಡಿ. ಈ ತಿಂಗಳುಗಳಲ್ಲಿ ನೀಲಿ ಜೆಲ್ ಬೇಗ ಗುಲಾಬಿಯಾಗುತ್ತದೆ, ಅದನ್ನು ಓವನ್‌ನಲ್ಲಿ ಮತ್ತೆ ಒಣಗಿಸಿಕೊಳ್ಳಬೇಕು.

## 5. ಅಳತೆಯ ಗೆರೆ ಮತ್ತು ಬ್ಲ್ಯಾಂಕ್‌ಗಳು

ಸಿಪಿಸಿ ಸಾಮಾನ್ಯವಾಗಿ ಒಂದು ನೀರಿನ ಅಣುವನ್ನು ಜೊತೆಗಿಟ್ಟುಕೊಂಡ ರೂಪದಲ್ಲಿ ಸಿಗುತ್ತದೆ, ಅದರ ಅಣುಭಾರ 358.0. ಆ ರೂಪದ 0.895 ಗ್ರಾಂ ತೂಗಿ ಉಪ್ಪುನೀರಿನಲ್ಲಿ 500 ಮಿಲಿಲೀಟರ್‌ಗೆ ತಂದರೆ 5 ಮಿಲಿಮೋಲ್ ಪ್ರತಿ ಲೀಟರ್ ಸಾರತೆಯ ಮೂಲ ದ್ರಾವಣ ಸಿದ್ಧ. ಪುಡಿ ಹಾರಿ ಉಸಿರಿನೊಳಗೆ ಹೋಗದಂತೆ ಮುಖಗವಸು ಹಾಕಿಕೊಳ್ಳಿ. ಇದರಿಂದ 0.02ರಿಂದ 0.20 ಮಿಲಿಮೋಲ್‌ವರೆಗಿನ ಐದು ದ್ರಾವಣ ಮಾಡಿ 259 ನ್ಯಾನೋಮೀಟರ್‌ನಲ್ಲಿ ಓದಿ. ಒಂದು ಸೆಂಟಿಮೀಟರ್ ಕ್ಯುವೆಟ್‌ನಲ್ಲಿ 0.20 ಮಿಲಿಮೋಲ್ ದ್ರಾವಣಕ್ಕೆ 0.8ರ ಆಸುಪಾಸಿನ ಅಂಕಿ ಬರಬೇಕು, ಬಿಂದುಗಳು ನೇರ ಗೆರೆಯಲ್ಲಿ ಕೂರಬೇಕು.

ಇನ್ನು ಬ್ಲ್ಯಾಂಕ್, ಅಂದರೆ ಹೋಲಿಕೆಗಾಗಿ ಇಡುವ ಬಾಟಲಿ. ಇದು ಎರಡು ಬಗೆಯದು, ಎರಡೂ ಬೇಕು. ಸರ್ಫ್ಯಾಕ್ಟಂಟ್ ಇಲ್ಲದ ಉಪ್ಪುನೀರಿಗೆ ನಾರು ಹಾಕಿದ ಬಾಟಲಿ, ನಾರಿನಿಂದ ಏನು ಬಿಡುಗಡೆಯಾಗುತ್ತದೆ ಎಂಬುದನ್ನು ಹೇಳುತ್ತದೆ. ನಾರು ಇಲ್ಲದೆ ಸರ್ಫ್ಯಾಕ್ಟಂಟ್ ಮಾತ್ರ ಇರುವ ಬಾಟಲಿ, ಗಾಜಿನ ಗೋಡೆಗೆ ಎಷ್ಟು ಹೋಗುತ್ತದೆ ಎಂಬುದನ್ನು ಹೇಳುತ್ತದೆ. ಗಾಜೂ ನೀರಿನಲ್ಲಿ ಋಣ ವಿದ್ಯುದಂಶದ್ದೇ ಆದ್ದರಿಂದ ಸಿಪಿಸಿ ಅದರ ಮೇಲೂ ಕೂರುತ್ತದೆ. ಈ ಎರಡನೆಯ ಬಗೆಯ ಬ್ಲ್ಯಾಂಕನ್ನು ಪ್ರತಿಯೊಂದು ಸಾರತೆಗೂ ಇಡಬೇಕು, ಅದು ಇತರ ಬಾಟಲಿಗಳ ಜೊತೆಗೇ ಅಷ್ಟೇ ಹೊತ್ತು ಅಲುಗಬೇಕು, ಅದೇ ರೀತಿಯಲ್ಲಿ ಮಾದರಿ ತೆಗೆಯಬೇಕು. ಲೆಕ್ಕದಲ್ಲಿ ಆರಂಭದ ಸಾರತೆಯೆಂದರೆ ಈ ಬ್ಲ್ಯಾಂಕಿನ ಅಂಕಿ. ಕಾಗದದ ಮೇಲೆ ಲೆಕ್ಕ ಹಾಕಿದ ಸಾರತೆಯನ್ನು ಅಲ್ಲಿ ಹಾಕುವಂತಿಲ್ಲ.

ಬಾಟಲಿಗಳು ಸಾಲದೆಂದು ಬ್ಲ್ಯಾಂಕ್ ಬಿಡುವವರಿಗೆ ನನ್ನ ಒಂದೇ ವಿನಂತಿ: ಸಾರತೆಗಳ ಸಂಖ್ಯೆಯನ್ನು ಕಡಿಮೆ ಮಾಡಿ, ಬ್ಲ್ಯಾಂಕ್ ಉಳಿಸಿಕೊಳ್ಳಿ.

## 6. ಎಷ್ಟು ಹೊತ್ತು ಅಲುಗಿಸಬೇಕೆಂದು ಮೊದಲು ತಿಳಿಯುವುದು

ಒಂದೇ ಸಾರತೆಯ ಎಂಟು ಬಾಟಲಿಗಳನ್ನು ಒಟ್ಟಿಗೆ ಆರಂಭಿಸಿ, 5, 15, 30, 60, 120, 240 ನಿಮಿಷ, 8 ಗಂಟೆ ಮತ್ತು 24 ಗಂಟೆಗೆ ಒಂದೊಂದನ್ನು ತೆಗೆದು ಓದಿ. ಒಂದೇ ಬಾಟಲಿಯಿಂದ ಮತ್ತೆ ಮತ್ತೆ ಮಾದರಿ ತೆಗೆದರೆ ದ್ರಾವಣದ ಪ್ರಮಾಣವೇ ಬದಲಾಗುತ್ತದೆ. ಸಾರತೆ ಇಳಿಯುವುದು ಎಲ್ಲಿ ನಿಲ್ಲುತ್ತದೋ ಆ ಸಮಯದ ಎರಡರಷ್ಟನ್ನು ಮುಖ್ಯ ಪ್ರಯೋಗಕ್ಕೆ ಇಟ್ಟುಕೊಳ್ಳಿ.

## 7. ಮುಖ್ಯ ಪ್ರಯೋಗ

ಒಣ ಬಟ್ಟೆಯನ್ನು ನೇರವಾಗಿ ಸರ್ಫ್ಯಾಕ್ಟಂಟ್ ದ್ರಾವಣಕ್ಕೆ ಹಾಕುವುದು ವಿದ್ಯಾರ್ಥಿಗಳ ರೂಢಿ. ನೂಲಿನ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಹೊರಬರುವುದಕ್ಕೇ ಗಂಟೆಗಳು ಹಿಡಿಯುತ್ತವೆ, ಅಷ್ಟರವರೆಗೆ ಒಳಗಿನ ನಾರು ದ್ರಾವಣವನ್ನು ಕಾಣುವುದೇ ಇಲ್ಲ. ಅದರ ಬದಲು ತೂಗಿದ ತುಂಡನ್ನು 25 ಮಿಲಿಲೀಟರ್ ಉಪ್ಪುನೀರಿನಲ್ಲಿ ಒಂದು ರಾತ್ರಿ ನೆನೆಹಾಕಿ. ನಾರು ಉಬ್ಬಿ ತಯಾರಾಗಿರುತ್ತದೆ. ಮರುದಿನ ಬೇಕಾದ ಸಾರತೆಯ ಎರಡರಷ್ಟಿರುವ ಸಿಪಿಸಿ ದ್ರಾವಣವನ್ನು 25 ಮಿಲಿಲೀಟರ್ ಸೇರಿಸಿ. ಅಂತಿಮ ಸಾರತೆಗಳು 0.05, 0.1, 0.2, 0.4, 0.6, 0.8, 1.0, 1.5 ಮತ್ತು 2.0 ಮಿಲಿಮೋಲ್ ಆಗುವಂತೆ ನೋಡಿಕೊಳ್ಳಿ. ಸಿಪಿಸಿ ಮೈಸೆಲ್ ಕಟ್ಟಲು ಆರಂಭಿಸುವ ಸಾರತೆ, ಅಂದರೆ ಸಿಎಂಸಿ, 0.9 ಮಿಲಿಮೋಲ್‌ನ ಆಸುಪಾಸಿನಲ್ಲಿರುವುದರಿಂದ ಈ ಸಾಲು ಅದರ ಎರಡೂ ಬದಿಯನ್ನು ಮುಟ್ಟುತ್ತದೆ.

ನಾರು ಮತ್ತು ದ್ರಾವಣದ ಅನುಪಾತವೇ ಈ ಪ್ರಯೋಗದ ಜೀವ. 50 ಮಿಲಿಲೀಟರ್‌ನ 1.0 ಮಿಲಿಮೋಲ್ ದ್ರಾವಣದಲ್ಲಿ ಇರುವುದು 50 ಮೈಕ್ರೋಮೋಲ್ ಸಿಪಿಸಿ. ಒಂದು ಗ್ರಾಂ ನಾರು ಅದರಲ್ಲಿ ಒಂದೇ ಮೈಕ್ರೋಮೋಲ್ ತೆಗೆದುಕೊಂಡರೆ ಸಾರತೆ ಇಳಿಯುವುದು ಶೇಕಡಾ 2 ಮಾತ್ರ. ಪಿಪೆಟ್ ಮತ್ತು ಉಪಕರಣದ ದೋಷವೇ ಅಷ್ಟಿರುತ್ತದೆ. ನಾರು ಅತಿಯಾದರೂ ತೊಂದರೆ: ಅತಿ ತೆಳು ದ್ರಾವಣಕ್ಕೆ 2 ಗ್ರಾಂ ಹಾಕಿದರೆ ಸಿಪಿಸಿಯೆಲ್ಲ ನಾರಿಗೇ ಹೋಗಿ ಅಳೆಯಲು ಏನೂ ಉಳಿಯುವುದಿಲ್ಲ. ನಾರು ಹಾಕಿದ ಮೇಲೆ ಸಾರತೆ ಶೇಕಡಾ 20ರಿಂದ 80ರಷ್ಟು ಇಳಿಯುವಂತೆ ನಾರಿನ ತೂಕವನ್ನು ಹೊಂದಿಸಿಕೊಳ್ಳಿ. ತೆಳು ದ್ರಾವಣಗಳಿಗೆ ಅರ್ಧ ಗ್ರಾಂ, ಮಿಕ್ಕವಕ್ಕೆ 2 ಗ್ರಾಂ ಎಂದು ನಾನು ಆರಂಭಿಸುತ್ತೇನೆ. ನಡುವಿನ ಒಂದು ಸಾರತೆಯನ್ನು ಎರಡೂ ತೂಕದಲ್ಲಿ ಮಾಡಿ ಎರಡೂ ಬಿಂದುಗಳು ಒಂದೇ ರೇಖೆಯ ಮೇಲೆ ಬೀಳುತ್ತವೆಯೇ ಎಂದು ನೋಡುತ್ತೇನೆ.

ಶೇಕರ್ ಮೆಲ್ಲಗೆ ಅಲುಗಲಿ. ಜೋರಾಗಿ ಕುಲುಕಿದರೆ ನೊರೆ ಏಳುತ್ತದೆ. ನೊರೆಯ ಪೊರೆಗಳಲ್ಲಿ ಸರ್ಫ್ಯಾಕ್ಟಂಟ್ ಶೇಖರವಾಗುವುದರಿಂದ ಕೆಳಗಿನ ದ್ರಾವಣ ತೆಳುವಾಗುತ್ತದೆ.

## 8. ಮಾದರಿ ತೆಗೆಯುವುದು ಮತ್ತು ಓದುವುದು

ಕೆಲವು ವರ್ಷಗಳ ಹಿಂದೆ ನನ್ನ ಮಾರ್ಗದರ್ಶನದಲ್ಲಿದ್ದ ಇಬ್ಬರು ಮೂರು ವಾರ ದುಡಿದು ಸೊಗಸಾದ ರೇಖೆಯೊಂದನ್ನು ತಂದರು. ಬ್ಲ್ಯಾಂಕ್ ಬಾಟಲಿಗಳಲ್ಲಿಯೂ ಅದೇ ಆಕಾರದ ರೇಖೆ ಬಂದದ್ದನ್ನು ನೋಡಿ ನಾನೂ ಕಂಗಾಲಾದೆ. ಕೊನೆಗೆ ಅವರು ಮಾದರಿ ತೆಗೆಯುವುದನ್ನು ಪಕ್ಕದಲ್ಲಿ ನಿಂತು ನೋಡಿದಾಗ ತಿಳಿಯಿತು: ಎಳೆಗಳು ಬಾರದಿರಲೆಂದು ಪ್ರತಿ ದ್ರಾವಣವನ್ನೂ ಫಿಲ್ಟರ್ ಕಾಗದದಲ್ಲಿ ಸೋಸುತ್ತಿದ್ದರು. ಫಿಲ್ಟರ್ ಕಾಗದವೂ ಸೆಲ್ಯುಲೋಸೇ. ಅವರು ಮೂರು ವಾರ ಅಳೆದದ್ದರಲ್ಲಿ ಕಾಗದದ ಪಾಲು ಎಷ್ಟು, ಬಟ್ಟೆಯ ಪಾಲು ಎಷ್ಟು ಎಂದು ಬೇರ್ಪಡಿಸುವ ದಾರಿಯೇ ಇರಲಿಲ್ಲ. ಅದನ್ನು ಮೊದಲ ದಿನವೇ ನಾನು ಹೇಳಬೇಕಿತ್ತು.

ಆದ್ದರಿಂದ ಸೋಸಬೇಡಿ. ಬಾಟಲಿಯನ್ನು ತೊಟ್ಟಿಯಲ್ಲೇ ಹತ್ತು ನಿಮಿಷ ನಿಲ್ಲಿಸಿ, ನೊರೆ ಇಳಿದ ಮೇಲೆ ಪಿಪೆಟ್ಟಿನ ತುದಿಯನ್ನು ದ್ರಾವಣದ ಮಧ್ಯಭಾಗಕ್ಕೆ ಇಳಿಸಿ ತೆಗೆಯಿರಿ. ಮೊದಲ ಸಲ ತೆಗೆದದ್ದನ್ನು ಪಿಪೆಟ್ ತೊಳೆಯಲು ಬಳಸಿ ಚೆಲ್ಲಿ. ಎಳೆಗಳು ತೇಲುತ್ತಿದ್ದರೆ ಸೆಂಟ್ರಿಫ್ಯೂಜ್ ಮಾಡಿ. ಸಾರತೆ 0.20 ಮಿಲಿಮೋಲ್‌ಗಿಂತ ಕೆಳಗೆ ಬರುವಂತೆ ತೆಳುಗೊಳಿಸಿ, ತೆಳುವಿನಿಂದ ಗಾಢದ ಕಡೆಗೆ ಓದುತ್ತಾ ಹೋಗಿ. ಕ್ಯುವೆಟ್‌ನ ಗೋಡೆಗೂ ಸಿಪಿಸಿ ಅಂಟುವುದರಿಂದ ಪ್ರತಿ ಮಾದರಿಯ ಮೊದಲು ಅದೇ ಮಾದರಿಯಿಂದ ಎರಡು ಸಲ ತೊಳೆಯಬೇಕು.

ಒಂದೇ ಅಂಕಿ ಓದಿ ಬಿಡದೆ 230ರಿಂದ 340 ನ್ಯಾನೋಮೀಟರ್‌ವರೆಗೆ ಪೂರ್ತಿ ರೇಖೆಯನ್ನು ತೆಗೆಯಿರಿ. 340ರಲ್ಲಿ ಸಿಪಿಸಿ ಏನನ್ನೂ ಹೀರುವುದಿಲ್ಲ. ಅಲ್ಲಿಯೂ ಅಂಕಿ ಎದ್ದು ನಿಂತಿದ್ದರೆ ದ್ರಾವಣದಲ್ಲಿ ಎಳೆಯ ಚೂರುಗಳೋ ಕಲಕೋ ಇದೆ, ಮತ್ತೊಮ್ಮೆ ಸೆಂಟ್ರಿಫ್ಯೂಜ್ ಮಾಡಬೇಕು.

ಯುವಿ ಉಪಕರಣ ಇಲ್ಲದವರು ಕಂಡಕ್ಟಿವಿಟಿ ಮೀಟರ್ ಸಾಕೇ ಎಂದು ಕೇಳುತ್ತಾರೆ. ಸಾಲದು. ಸಿಪಿಸಿಯ ಧನ ಅಯಾನು ನಾರಿನ ಮೇಲೆ ಕೂತಾಗ ಅಲ್ಲಿದ್ದ ಸೋಡಿಯಂ ಹೊರಗೆ ಬರುತ್ತದೆ, ಕ್ಲೋರೈಡ್ ದ್ರಾವಣದಲ್ಲೇ ಉಳಿಯುತ್ತದೆ. ಸರ್ಫ್ಯಾಕ್ಟಂಟ್ ಕಡಿಮೆಯಾದರೂ ವಾಹಕತೆ ಅದಕ್ಕೆ ತಕ್ಕಂತೆ ಇಳಿಯುವುದಿಲ್ಲ.

## 9. ಲೆಕ್ಕ

ಬ್ಲ್ಯಾಂಕಿನ ಸಾರತೆ 0.480, ನಾರಿದ್ದ ಬಾಟಲಿಯದು 0.290 ಮಿಲಿಮೋಲ್ ಎಂದುಕೊಳ್ಳೋಣ. ಬ್ಲ್ಯಾಂಕಿನ ಪ್ರಮಾಣ 50.00 ಮಿಲಿಲೀಟರ್, ನಾರಿನ ತೇವವೂ ಸೇರಿದ ಬಾಟಲಿಯದು 50.27. ಆಗ 0.480 ಗುಣಿಸು 50.00 ಎಂದರೆ 24.00 ಮೈಕ್ರೋಮೋಲ್; 0.290 ಗುಣಿಸು 50.27 ಎಂದರೆ 14.58. ವ್ಯತ್ಯಾಸ 9.42 ಮೈಕ್ರೋಮೋಲ್. ಒಣ ತೂಕ 2.000 ಗ್ರಾಂನಿಂದ ಭಾಗಿಸಿದರೆ ಗ್ರಾಂಗೆ 4.71 ಮೈಕ್ರೋಮೋಲ್. ತೇವವನ್ನು ಲೆಕ್ಕಿಸದೆ 50 ಮಿಲಿಲೀಟರ್ ಮತ್ತು 2.273 ಗ್ರಾಂ ಹಾಕಿದ್ದರೆ 4.18 ಬರುತ್ತಿತ್ತು. ಪ್ರತಿ ಸಾರತೆಗೂ ಮೂರು ಬಾಟಲಿ ಮಾಡಿ, ಮೂರರ ಅಂಕಿಯನ್ನೂ ವರದಿಯಲ್ಲಿ ಕೊಡಿ. ಸರಾಸರಿಯನ್ನು ಮಾತ್ರ ಕೊಡುವುದು ಓದುಗರಿಗೆ ಮಾಡುವ ಅನ್ಯಾಯ.

## 10. ರೇಖೆಯನ್ನು ಓದುವುದು, ಎಚ್ಚರಿಕೆಯ ಚಿಹ್ನೆಗಳು

ದ್ರಾವಣದಲ್ಲಿ ಉಳಿದ ಸಾರತೆಯನ್ನು ಅಡ್ಡ ಅಕ್ಷದಲ್ಲಿ, ಗ್ರಾಂಗೆ ಕೂತ ಪ್ರಮಾಣವನ್ನು ಲಂಬ ಅಕ್ಷದಲ್ಲಿ, ಎರಡನ್ನೂ ಲಾಗರಿದಮ್ ಅಳತೆಯಲ್ಲಿ ಗುರುತಿಸಿ. ಮೊದಲು ರೇಖೆ ಮೆಲ್ಲಗೆ ಏರುತ್ತದೆ. ಅಲ್ಲಿ ಒಂದೊಂದೇ ಅಯಾನು ಬಂದು ಋಣ ತಾಣಗಳಲ್ಲಿ ಕೂರುತ್ತಿದೆ. ಆಮೇಲೆ ಕಡಿದಾಗಿ ಏರುತ್ತದೆ. ಕೂತ ಅಣುಗಳ ಬಾಲಗಳು ಹೊಸದಾಗಿ ಬರುವವುಗಳ ಬಾಲವನ್ನು ಸೆಳೆದು ಮೇಲ್ಮೈಯಲ್ಲೇ ಗುಂಪು ಕಟ್ಟುತ್ತಿವೆ. ಮೇಲ್ಮೈಯ ಋಣ ವಿದ್ಯುದಂಶ ತೀರಿ ಧನವಾದ ಮೇಲೆ ಏರಿಕೆ ನಿಧಾನವಾಗುತ್ತದೆ. ಸಿಎಂಸಿ ದಾಟಿದ ಮೇಲೆ ಬಹುಮಟ್ಟಿಗೆ ಸಮತಟ್ಟಾಗುತ್ತದೆ, ಏಕೆಂದರೆ ಹೆಚ್ಚುವರಿಯಾಗಿ ಹಾಕಿದ ಸರ್ಫ್ಯಾಕ್ಟಂಟ್ ಮೈಸೆಲ್‌ಗಳಿಗೆ ಹೋಗುತ್ತದೆ, ಒಂಟಿ ಅಣುಗಳ ಪ್ರಮಾಣ ಹೆಚ್ಚುವುದಿಲ್ಲ. ಈ ನಾಲ್ಕು ನಡೆಗಳ ರೇಖೆಯ ಮೇಲೆ, ಅಧಿಶೋಷಣೆಗೆ ಸಾಮಾನ್ಯವಾಗಿ ಬಳಸುವ ಲ್ಯಾಂಗ್‌ಮ್ಯೂರ್ ಸಮೀಕರಣವನ್ನು ಬಲವಂತವಾಗಿ ಕೂರಿಸಬೇಡಿ. ಅಣುಗಳು ಪರಸ್ಪರ ಸೆಳೆಯುವುದಿಲ್ಲ ಎಂಬುದೇ ಆ ಸಮೀಕರಣದ ಆಧಾರ, ಇಲ್ಲಿ ನಡೆಯುತ್ತಿರುವುದು ಅದಕ್ಕೆ ವಿರುದ್ಧವಾದದ್ದು.

ಸಿಎಂಸಿ ದಾಟಿದ ಮೇಲೆ ರೇಖೆ ಕೆಳಗೆ ಬಾಗಿದರೆ ಮೊದಲು ಸರ್ಫ್ಯಾಕ್ಟಂಟ್‌ನ ಶುದ್ಧತೆಯನ್ನು ಅನುಮಾನಿಸಿ. ಬೇರೆ ಉದ್ದದ ಬಾಲಗಳ ಮಿಶ್ರಣವಿದ್ದಾಗ ಹೀಗಾಗುತ್ತದೆ. ಸಮತಟ್ಟಾಗದೆ ಏರುತ್ತಲೇ ಹೋದರೆ ಹರಳಾಗುವಿಕೆಯನ್ನೋ ನೊರೆಯನ್ನೋ ಹುಡುಕಿ. ಋಣ ಸಂಖ್ಯೆ ಬಂದರೆ ಅದನ್ನು ಅಳಿಸಬೇಡಿ. ನಾರು ಉಬ್ಬುವಾಗ ನೀರನ್ನು ಹೀರಿ ಸರ್ಫ್ಯಾಕ್ಟಂಟನ್ನು ಹೊರಗೇ ಬಿಟ್ಟರೆ ಉಳಿದ ದ್ರಾವಣ ನಿಜವಾಗಿಯೂ ಗಾಢವಾಗುತ್ತದೆ. ಎಸ್‌ಡಿಎಸ್ ಮತ್ತು ಹತ್ತಿಯಲ್ಲಿ ಇದು ಸಾಧ್ಯ. ಆದರೆ ಬಿರಡೆ ಸಡಿಲವಾಗಿ ನೀರು ಆವಿಯಾದಾಗಲೂ ಅದೇ ಸಂಖ್ಯೆ ಬರುತ್ತದೆ, ಆದ್ದರಿಂದ ಬಾಟಲಿಗಳನ್ನು ಅಲುಗಿಸುವ ಮುಂಚೆ ಮತ್ತು ಆಮೇಲೆ ತೂಗಿ ನೋಡುವುದು ಒಳ್ಳೆಯ ಅಭ್ಯಾಸ.

## 11. ಉಣ್ಣೆ ಮತ್ತು ಪಾಲಿಯೆಸ್ಟರ್‌ಗೆ ಬದಲಾವಣೆಗಳು

ಉಣ್ಣೆಯ ಕೆರಾಟಿನ್ ಪ್ರೋಟೀನಿನಲ್ಲಿ ಧನ, ಋಣ ಎರಡೂ ಗುಂಪುಗಳಿವೆ. ಪಿಹೆಚ್ ಸುಮಾರು 5ಕ್ಕಿಂತ ಕೆಳಗಿಳಿದರೆ ಧನದ ಕೈ ಮೇಲಾಗಿ ಎಸ್‌ಡಿಎಸ್ ಭಾರಿ ಪ್ರಮಾಣದಲ್ಲಿ ಕೂರುತ್ತದೆ. ಉಣ್ಣೆ ಗ್ರಾಂಗೆ ಸುಮಾರು 0.8 ಮಿಲಿಮೋಲ್ ಆಮ್ಲವನ್ನು ಹಿಡಿಯಬಲ್ಲದು, ಹತ್ತಿಯ ಮೈಕ್ರೋಮೋಲ್ ಲೆಕ್ಕಕ್ಕೆ ಹೋಲಿಸಿದರೆ ಅದು ಎಷ್ಟೋ ಪಟ್ಟು ದೊಡ್ಡದು. ಆದ್ದರಿಂದ 0.2 ಗ್ರಾಂ ನಾರು ಸಾಕು, ಪಿಹೆಚ್ 4ರ ಬಫರ್ ಕಡ್ಡಾಯ. ಎಸ್‌ಡಿಎಸ್ ಮೆಲ್ಲಮೆಲ್ಲನೆ ನಾರಿನ ಒಳಗೂ ಹೋಗುವುದರಿಂದ 24 ಗಂಟೆಗೂ ಸಮತೋಲ ಬಾರದಿರಬಹುದು; ಆರನೆಯ ಹಂತವನ್ನು ಇಲ್ಲಿ ಮೂರು ದಿನಕ್ಕೆ ವಿಸ್ತರಿಸಿ. ಉಣ್ಣೆಯನ್ನು ಎಂದಿಗೂ ಕ್ಷಾರದಲ್ಲಿ ಕುದಿಸಬೇಡಿ, ಅದು ಕರಗಿಯೇ ಹೋಗುತ್ತದೆ. ಪೆಟ್ರೋಲಿಯಂ ಈಥರ್‌ನಲ್ಲಿ ಜಿಡ್ಡು ತೆಗೆದು ಉಗುರುಬೆಚ್ಚನೆಯ ನೀರಿನಲ್ಲಿ ಜಾಲಿಸಿ. ರೇಷ್ಮೆಗೂ ಇದೇ ಎಚ್ಚರ ಸಲ್ಲುತ್ತದೆ. ಪ್ರೋಟೀನ್ ನಾರು ಬೇಕೆಂದು ಮನೆಯಲ್ಲಿರುವ ಹಳೆಯ ಚೇಲೆಗೆ (ಕೊಡವ ಗಂಡಸರು ಸೊಂಟಕ್ಕೆ ಕಟ್ಟುವ ರೇಷ್ಮೆಯ ಪಟ್ಟಿಗೆ) ಮಾತ್ರ ಕತ್ತರಿ ಹಾಕಬೇಡಿ. ಬಣ್ಣ ಹಾಕಿದ ರೇಷ್ಮೆ ಈ ಅಳತೆಗೆ ಒದಗುವುದೂ ಇಲ್ಲ.

ಪಾಲಿಯೆಸ್ಟರ್‌ನ ಕಷ್ಟ ಬೇರೆ. ಅದು ನೀರನ್ನು ಹೀರುವುದಿಲ್ಲ, ಹೊರಮೈ ಮಾತ್ರ ಲಭ್ಯ. 12 ಮೈಕ್ರೋಮೀಟರ್ ವ್ಯಾಸದ, 1.38 ಸಾಂದ್ರತೆಯ ನಾರಿನ ಹೊರಮೈ ಗ್ರಾಂಗೆ ಕೇವಲ 0.24 ಚದರ ಮೀಟರ್. ಒಂದು ಅಣು ಅರ್ಧ ಚದರ ನ್ಯಾನೋಮೀಟರ್ ಜಾಗ ಹಿಡಿಯುತ್ತದೆಂದರೆ, ಮೈಯೆಲ್ಲ ತುಂಬಿದರೂ ಗ್ರಾಂಗೆ 0.8 ಮೈಕ್ರೋಮೋಲ್ ಅಷ್ಟೇ. 50 ಮಿಲಿಲೀಟರ್‌ಗೆ 5 ಗ್ರಾಂ ನಾರು ಹಾಕಿದರೂ ಸಾರತೆ ಇಳಿಯುವುದು 0.08 ಮಿಲಿಮೋಲ್. ಮೈಕ್ರೋಫೈಬರ್ ಬಟ್ಟೆ ಸಿಕ್ಕರೆ ಹೊರಮೈ ಹಲವು ಪಟ್ಟು ಹೆಚ್ಚಿ ಕೆಲಸ ಹಗುರಾಗುತ್ತದೆ. ನೂಲುವಾಗ ಸವರಿದ ಎಣ್ಣೆಯನ್ನು ಪೆಟ್ರೋಲಿಯಂ ಈಥರ್‌ನಲ್ಲಿ ತೆಗೆಯದಿದ್ದರೆ ಈ ಲೆಕ್ಕವೆಲ್ಲ ವ್ಯರ್ಥ.

## 12. ಉಳಿದ ದ್ರಾವಣ ಮತ್ತು ಬಾಟಲಿಗಳು

ಸಿಪಿಸಿ, ಸಿಟಾಬ್ ಎರಡೂ ಜಲಚರಗಳಿಗೆ ವಿಷ. ನಮ್ಮ ಸಿಂಕಿನ ನೀರು ಇಳಿಯುವುದು ಕಾವೇರಿಯ ಕಡೆಗೇ. ಉಳಿದ ದ್ರಾವಣವನ್ನು ಚರಂಡಿಗೆ ಬಿಡಬೇಡಿ. ಮುಚ್ಚಳವಿರುವ ಕ್ಯಾನಿನಲ್ಲಿ ಸಂಗ್ರಹಿಸಿ, ಬೆಂಟೊನೈಟ್ ಜೇಡಿಯನ್ನು ಕದಡಿ ಒಂದು ರಾತ್ರಿ ಬಿಡಿ. ಜೇಡಿ ಕ್ಯಾಟಯಾನಿಕ್‌ಗಳನ್ನು ಹತ್ತಿಗಿಂತಲೂ ಬಲವಾಗಿ ಹಿಡಿದುಕೊಳ್ಳುತ್ತದೆ. ಮೇಲಿನ ತಿಳಿಯನ್ನು ಯುವಿಯಲ್ಲಿ ನೋಡಿ, 259ರಲ್ಲಿ ಶಿಖರ ಕಾಣದಾದ ಮೇಲೆ ಆ ಕೆಸರನ್ನು ಪ್ರಯೋಗಾಲಯದ ರಾಸಾಯನಿಕ ತ್ಯಾಜ್ಯದ ಜೊತೆ ಒಪ್ಪಿಸಿ.

ಬಾಟಲಿಗಳನ್ನು ಮೊದಲು ಈಥೈಲ್ ಆಲ್ಕೋಹಾಲ್‌ನಲ್ಲಿ, ಆಮೇಲೆ ನೀರಿನಲ್ಲಿ ತೊಳೆಯಿರಿ. ಬರೀ ನೀರಿಗೆ ಗಾಜಿಗಂಟಿದ ಸಿಪಿಸಿ ಬಿಡುವುದಿಲ್ಲ. ಸಿಪಿಸಿಗೆ ಬಳಸಿದ ಬಾಟಲಿಗಳಿಗೆ ಕೆಂಪು ಪಟ್ಟಿ, ಎಸ್‌ಡಿಎಸ್‌ಗೆ ಬಳಸಿದವಕ್ಕೆ ಹಸಿರು ಪಟ್ಟಿ ಅಂಟಿಸಿ ಬೇರೆ ಬೇರೆ ಕಪಾಟಿನಲ್ಲಿಡಿ. ಒಂದರ ಉಳಿಕೆ ಇನ್ನೊಂದಕ್ಕೆ ಸೇರಿದರೆ ಎರಡೂ ಕೂಡಿ ಕರಗದ ಜೋಡಿಯಾಗಿ ಬಿಳಿಯ ಕಲಕು ಕಾಣಿಸುತ್ತದೆ. ಹಾಗೆ ಕಂಡ ಬಾಟಲಿಯ ಅಂಕಿಯನ್ನು ಲೆಕ್ಕಕ್ಕೆ ಸೇರಿಸದೆ, ಆ ಸಾರತೆಯನ್ನು ಬ್ಲ್ಯಾಂಕ್ ಸಮೇತ ಮತ್ತೊಮ್ಮೆ ಮಾಡಿ.